ಧ್ವನಿ ಎಂಬ ಫೋಲ್ಡರು

ಹೋದ ವಾರ ಪಕ್ಕದ ಮನೆಯವರು ಅಂಗಳಕ್ಕೆ ಹೊಸ ಕಲ್ಲು ಹಾಸಿಸಿದರು. ಮಷೀನಿನಲ್ಲಿ ನೀರು ಬಿಟ್ಟು ಕಲ್ಲು ಕೊಯ್ಯುವಾಗ ಏಳುವ ಹಸಿ ಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನ ಕೈ ತಾನಾಗಿ ನಿಂತಿತು. ಶಹಾಬಾದಿನಲ್ಲಿ ನಮ್ಮ ಸರ್ ಮನೆಯ ಹಿಂದೆ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿ ಇತ್ತು. ಅವರ ಕೋಣೆಯಲ್ಲಿ ಯಾವಾಗಲೂ ಇದೇ ವಾಸನೆ...

ಸರ್ ನಮಗೆ ಡಿಪ್ಲೊಮಾದಲ್ಲಿ ಕಂಪ್ಯೂಟರ್ ಕಲಿಸಿದವರು. ನಾನು ವಾಡಿಯಿಂದ ರೈಲಿಗೆ ಬರುತ್ತಿದ್ದೆ. ಬೇರೆಯವರು ಮೌಸ್ ಹಿಡಿಸಿದರೆ ಇವರು ಕಪ್ಪು ಪರದೆ ತೆರೆಸಿ ಕಮಾಂಡ್ ಬರೆಸುತ್ತಿದ್ದರು. ಗಿಟ್ ಕಲಿಸಿದ್ದೂ ಅವರೇ. ಬರೆದ ಪ್ರೋಗ್ರಾಮಿನ ಒಂದೊಂದು ಹಂತವನ್ನೂ ಕಾಪಿಟ್ಟು, ಬೇಕೆಂದಾಗ ಹಿಂದಕ್ಕೆ ಹೋಗಲು ಇರುವ ಸಾಧನ ಅದು. ಹಾಗೆ ಕಾಪಿಡುವುದಕ್ಕೆ ಕಮಿಟ್ ಎನ್ನುತ್ತಾರೆ. ಅದು ಪಠ್ಯದಲ್ಲಿರಲಿಲ್ಲ, ಪರೀಕ್ಷೆಗೂ ಬರುತ್ತಿರಲಿಲ್ಲ. ಬಹುಶಃ ಅದಕ್ಕೇ ಇನ್ನೂ ನೆನಪಿದೆ.

“ಏನರೆ ಮಾಡೂಕಿಂತ ಮೊದಲ ಸ್ಟೇಟಸ್ ನೋಡ್ರಿ. ಸಣ್ಣ ಸಣ್ಣ ಕಮಿಟ್ ಮಾಡ್ರಿ. ಕಮಿಟ್ ಮಾಡಿದ್ದು ಹೋತಂತ ಅಳಬ್ಯಾಡ್ರಿ, ರಿಫ್ಲಾಗ್‌ನಾಗ ಹುಡುಕ್ರಿ, ಸಿಗ್ತದ. ಕ್ಲೀನ್ ಮಾಡೂದಿದ್ರ ಮಾತ್ರ ಮೊದಲ ಎನ್ ಹಾಕ್ರಿ. ಏನೇನ್ ಹೋಗ್ತದಂತ ಬರೇ ತೋರಿಸ್ತದ. ಅದನ್ನ ನೋಡಿ ಆಮ್ಯಾಲ ಒರಸ್ರಿ.”

ಒಮ್ಮೆ ನನ್ನ ಇಡೀ ಪ್ರಾಜೆಕ್ಟ್ ಮಾಯವಾಗಿತ್ತು. ರಿಸೆಟ್ ಕೊಟ್ಟು, ಜೊತೆಗೆ ಹಾರ್ಡ್ ಎಂದೂ ಬರೆದು ಜಾಣತನ ಮೆರೆದಿದ್ದೆ. ಸರ್ ನಗುತ್ತಾ, ಗಿಟ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ದಿನಚರಿಯಾದ ರಿಫ್ಲಾಗ್ ತೆಗೆದು, ಹಳೆಯ ಗುರುತು ಹುಡುಕಿ, ಎಲ್ಲವನ್ನೂ ಎದುರಿಗಿಟ್ಟರು. ಅವತ್ತಿನಿಂದ ಅವರಿದ್ದರೆ ಯಾವುದೂ ಕಳೆಯುವುದಿಲ್ಲ ಎಂಬ ಧೈರ್ಯ ನನಗೆ.

ನಾನು ಕಾಲೇಜು ಮುಗಿಸಿ ಕೆಲಸ ಹಿಡಿದ ಹೊತ್ತಿಗೆ ಅವರಿಗೆ ಗಂಟಲ ಕ್ಯಾನ್ಸರ್ ಎಂದು ತಿಳಿಯಿತು. ಆಪರೇಷನ್ ಆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದರು ಡಾಕ್ಟರು. ಮಗಳಿಗೆ ಆಗಿನ್ನೂ ಅಂಗನವಾಡಿಗೂ ಹೋಗದ ವಯಸ್ಸು. ಸರ್ ಅಳಲಿಲ್ಲ, ಕೂತು ಪ್ರೋಗ್ರಾಮ್ ಬರೆಯತೊಡಗಿದರು! ಪರದೆಯ ಮೇಲಿನ ಅಕ್ಷರ ಮುಟ್ಟಿದರೆ ಅಪ್ಪನ ದನಿ ಅದನ್ನು ಹೇಳಿಕೊಡಬೇಕು. ಆಪರೇಷನ್ನಿಗೆ ಮುಂಚೆ ಫೋನಿನಲ್ಲಿ ಎಲ್ಲ ಅಕ್ಷರಗಳನ್ನೂ ರೆಕಾರ್ಡ್ ಮಾಡಿದರು. ಫೋನು ತುಂಬಿತೆಂದು ಲ್ಯಾಪ್‌ಟಾಪಿಗೆ ಸಾಗಿಸಿ, ‘ಧ್ವನಿ’ ಎಂಬ ಫೋಲ್ಡರಿನಲ್ಲಿಟ್ಟರು. ಗಿಟ್ ಮೂಲಕ ನೆಟ್ಟಿಗೆ ಏರಿಸಲು ಆ ಫೈಲುಗಳು ಭಾರ, ನಮ್ಮ ಕಡೆಯ ನೆಟ್ಟು ಬಸವನಹುಳು. ಅದಕ್ಕೇ ಆ ಫೋಲ್ಡರನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಗಿಟ್‌ಗೆ ಹೇಳಿಟ್ಟಿದ್ದರು. ಮುಂದೆ ಪೆನ್‌ಡ್ರೈವಿಗೆ ಹಾಕಿಕೊಂಡರಾಯಿತು ಎಂದುಕೊಂಡಿದ್ದರಂತೆ.

ಆಪರೇಷನ್ ಆದ ಮೇಲೆ ಭಾನುವಾರಗಳಂದು ನಾನು ಹೋಗುತ್ತಿದ್ದೆ. ಮಾತೆಲ್ಲ ಕಪ್ಪು ಪರದೆಯಲ್ಲೇ. ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿದರೆ ಕಂಪ್ಯೂಟರ್ ಅದನ್ನು ಆಜ್ಞೆ ಎಂದುಕೊಳ್ಳುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಸರ್ ಹ್ಯಾಶ್ ಹಾಕಿ ನನ್ನೊಡನೆ ಮಾತಾಡುತ್ತಿದ್ದರು. ‘ಚಾ ಕುಡದಿ?’ ‘ರೈಲು ಲೇಟಾ?’ ‘ಈ ಸಾಲು ಯಾಕ ಬರದಿ, ತಲಿ ಇಲ್ಲೇನ್?’ ಬೈಗುಳ ಮಾತ್ರ ಮೊದಲಿನಷ್ಟೇ ರುಚಿಯಾಗಿತ್ತು.

ಅಂಥ ಒಂದು ಭಾನುವಾರ ಪ್ರೋಗ್ರಾಮ್ ಏನು ಮಾಡಿದರೂ ಓಡಲಿಲ್ಲ. ಹಳೆಯ ಕಸವೆಲ್ಲ ತೆಗೆದು ಹೊಸದಾಗಿ ಕಟ್ಟೋಣ ಎಂದು ಸರ್ ಕ್ಲೀನ್ ಕಮಾಂಡ್ ಬರೆದರು. ಲೆಕ್ಕಕ್ಕೆ ಹಿಡಿಯದ ಫೈಲುಗಳನ್ನೂ ಗುಡಿಸು ಎನ್ನುವ ಎಕ್ಸ್ ಸೇರಿಸಿದರು. ಎನ್ ಹಾಕಿ ನೋಡಲಿಲ್ಲ. ಆನೆಯಂಥದ್ದೂ ಮುಗ್ಗರಿಸುತ್ತದೆ ಎನ್ನುತ್ತಾರಲ್ಲ... ನಾನು ಪಕ್ಕದಲ್ಲೇ ಇದ್ದೆ. ಎಂಟರ್ ಒತ್ತಿದ ಮೇಲೆ ಅಳಿಸಿದ್ದರ ಪಟ್ಟಿ ಸರಸರ ಮೇಲೇರಿತು. ಅದರ ನಡುವೆ ‘ಧ್ವನಿ’ ಎಂಬ ಹೆಸರನ್ನು ನಾವಿಬ್ಬರೂ ಒಟ್ಟಿಗೇ ಓದಿದೆವು.

ಸರ್ ಬಾಯಿ ತೆರೆದರು. ಬರೀ ಗಾಳಿ ಬಂತು. ಅಡುಗೆಮನೆಯಿಂದ ಅವರ ಮನೆಯವರು ಓಡಿ ಬಂದರು.

“ಯಾಕ್ರಿ, ಏನಾತು?”

ಅವರು ಹೇಳಲಾರರು. ಹೇಳಬೇಕಾದವನು ನಾನು.

“ಫೈಲ್ ಹೋಗ್ಯಾವ್ರಿ ವೈನಿ.”

“ಅಷ್ಟೇ ಏನ್? ನಾ ಏನೋ ಆತಂತ ಅಂಜಿದ್ದೆ. ಮತ್ತ ಮಾಡಿದ್ರಾತು ಬಿಡ್ರಿ,” ಎಂದು ಅವರು ಸೆರಗಿನಿಂದ ಸರ್ ಹಣೆ ಒರೆಸಿದರು. ಯಾವ ಫೈಲು ಎಂದು ಅವರಿಗೆ ಗೊತ್ತಿರಲಿಲ್ಲ. ಸರ್ ಹ್ಯಾಶ್ ಹಾಕಿ ಬರೆದರು: ‘ನೀ ಹೇಳಬ್ಯಾಡ. ನಾ ಹೇಳತೀನಿ.’

ಲ್ಯಾಪ್‌ಟಾಪನ್ನು ವಾಡಿಗೆ ತಂದು ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿದೆ. ರಿಫ್ಲಾಗ್ ಪಾಪ ಏನು ಮಾಡೀತು? ಅದಕ್ಕೆ ಒಪ್ಪಿಸಿದ್ದನ್ನಷ್ಟೇ ಅದು ಕೊಡುತ್ತದೆ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರುಗಳನ್ನು ಓಡಿಸಿದೆ. ಯಾರದೋ ಮದುವೆಯ ಅರ್ಧ ಫೋಟೊ ಸಿಕ್ಕಿತು, ಕರೆಂಟ್ ಬಿಲ್ಲು ಸಿಕ್ಕಿತು, ದನಿ ಸಿಗಲಿಲ್ಲ. ಕಲಬುರಗಿಯ ಅಂಗಡಿಯವನು, “ಹೊಸಾ ನಮೂನಿ ಡಿಸ್ಕ್ ಅದರಿ ಇದು. ಒಮ್ಮಿ ಒರಸ್ತಂದ್ರ ಖತಂ,” ಎಂದು ಕೈಯಾಡಿಸಿದ. ನನಗೆ ಅವನ ಮೇಲೆ ಸಿಟ್ಟು ಬಂತು, ಗಿಟ್ ಮೇಲೆ ಬಂತು, ಸರ್ ಮೇಲೂ ಬಂತು. ಬರಿಗೈಯಲ್ಲಿ ಅವರ ಬಾಗಿಲಿಗೆ ಹೋಗಿ ನಿಂತಾಗ ಯಾವ ಸಿಟ್ಟೂ ಉಳಿದಿರಲಿಲ್ಲ.

ಪ್ರೋಗ್ರಾಮ್ ಆಮೇಲೆ ಓಡಿತು. ವೈನಿಯ ದನಿಯಲ್ಲಿ ಅಕ್ಷರಗಳನ್ನು ತುಂಬಿಸಿದರು, ಮಗಳು ಅದನ್ನೇ ಮುಟ್ಟಿ ಮುಟ್ಟಿ ಕಲಿತಳು. ರೋಗ ಮತ್ತೆ ತಿರುಗಿ ಬಂತು. ಸರ್ ಹೆಚ್ಚು ದಿನ ಇರಲಿಲ್ಲ...

ಮಗಳು ಈಗ ಹೈಸ್ಕೂಲು. ಮೊನ್ನೆ, ಆ ಕಲ್ಲಿನ ವಾಸನೆಯಿಂದ ನಿದ್ದೆಗೆಟ್ಟ ನಾನು ರಜೆ ಸಿಕ್ಕೊಡನೆ ಶಹಾಬಾದಿಗೆ ಹೋದೆ. ಅವಳು ಅಪ್ಪನ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು. ಲಾಗ್ ತೆರೆಯುವುದನ್ನು ತೋರಿಸಿದೆ. ಅಪ್ಪ ಬರೆದ ಪ್ರತಿ ಸಾಲು, ತಿದ್ದಿದ ಪ್ರತಿ ತಪ್ಪು, ತಾರೀಖು ಸಮೇತ ಅಲ್ಲಿತ್ತು. ಅವಳು ಓದಿದಳು, ನಡುನಡುವೆ ನಕ್ಕಳು. ಆಮೇಲೆ ಕೇಳಿದಳು:

“ಅಣ್ಣಾ, ಅಪ್ಪನ ದನಿ ಹ್ಯಾಂಗಿತ್ತು? ಲಗ್ನದ ಸೀಡಿನಾಗ ಬರೇ ಸಿನಿಮಾ ಹಾಡ ಅವ.”

ಮೂರು ವರ್ಷ ದಿನಾ ಕೇಳಿದ ದನಿ. ಈಗಲೂ ನನ್ನ ಕಿವಿಯಲ್ಲಿದೆ, ಸ್ವಚ್ಛವಾಗಿದೆ. ಅದನ್ನು ತೆಗೆದು ಅವಳಿಗೆ ಕೊಡುವುದು ಹೇಗೆ?

“ಭಾಳ ಚೊಲೊ ಇತ್ತವ್ವಾ,” ಎಂದೆ.

ಅವಳು ಮುಂದಿನ ಮಾತಿಗೆ ಕಾಯುತ್ತಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು.