ಆ ಸಂಜೆ ವಿಠಲನ ಜೊತೆ ಮಾತಾಡಿದವಳು

ಡೊಂಬಿವಲಿಯ ನಮ್ಮ ಚಾಳಿನಲ್ಲಿ ಹೆಂಗಸರು ಕೂತು ದೆವ್ವದ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಬೆಳಗಾದರೆ ಚಪಾತಿ ಲಟ್ಟಿಸಿ ಡಬ್ಬಿ ಕಟ್ಟುವವಳಿಗೆ ಅದನ್ನೆಲ್ಲ ನಂಬಲು ಪುರುಸೊತ್ತು ಎಲ್ಲಿದೆ ಎಂದು ನಗುತ್ತಿದ್ದೆ. ಈಗ ನಾನೇ ಇದನ್ನು ಬರೆಯಲು ಕೂತಿದ್ದೇನೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ಕೇಳುವುದಿಲ್ಲ.

ನನಗೆ ಒಬ್ಬನೇ ತಮ್ಮ, ವಿಠಲ. ಉಡುಪಿ ಕಡೆಯಿಂದ ನನ್ನ ಹಿಂದೆಯೇ ಬಂದವನು. ಶಹಾಡ್‌ನಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಗಿದ್ದ. ಶಹಾಡ್ ಎಂದರೆ ಕಲ್ಯಾಣ ದಾಟಿದ ಕೂಡಲೇ ಸಿಗುವ ಸ್ಟೇಷನ್, ನನಗೆ ದೂರವೇನಲ್ಲ. ಆದರೂ ಅವನ ಖೋಲಿ ಹೇಗಿದೆ ಎಂದು ನಾನು ಹೋಗಿ ನೋಡಿದವಳಲ್ಲ. ಅವನಿಗೆ ಮದುವೆಯಾಗಲಿಲ್ಲ. ಕೆಲಸ ಮುಗಿದ ಮೇಲೆ ದಿನಾ ನನಗೆ ಫೋನು, ಹೇಳಿದ್ದನ್ನೇ ಹೇಳುವುದು. ಗಂಡ ತೀರಿಕೊಂಡ ಮೇಲೆ ನನಗೆ ಯಾರ ಮಾತೂ ಬೇಡವಾಗಿತ್ತು.

ಒಮ್ಮೆ ಅವನು ಕ್ಯಾಂಟೀನಿನ ಹೆಂಗಸೊಬ್ಬಳಿಂದ ನನಗೆ ಫೋನು ಮಾಡಿಸಿದ. ವಿಠಲನಿಗೆ ಜ್ವರ ಜೋರಾಗಿದೆ, ಕಲ್ಯಾಣ ಸ್ಟೇಷನ್ನಿಗೆ ಬನ್ನಿ ಎಂದಳು. ಒಲೆ ಆರಿಸಿ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ಇವನು ವಡಾಪಾವ್ ತಿನ್ನುತ್ತ ನಿಂತಿದ್ದ.

"ಎಂತದಾ ಇದು?" ಎಂದೆ.

"ಹೀಗೆ ಹೇಳದಿದ್ರೆ ನೀನು ಬರ್ತಿಯಾ ಅಕ್ಕ? ತಗೋ, ನಿಂಗೂ ಒಂದು ತೆಗ್ದಿದ್ದೇನೆ."

ನಾನು ತೆಗೆದುಕೊಳ್ಳಲಿಲ್ಲ. ಎದುರಿಗೆ ಬಂದ ಲೋಕಲ್ ಹತ್ತಿ ವಾಪಸು ಬಂದೆ.

ಅದಾದ ಮೇಲಿನ ಮಳೆಗಾಲದ ಒಂದು ಸಂಜೆ. ವಿಠಲನ ಫೋನು ಬಂತು, ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಯಾವುದೋ ಬೇರೆ ನಂಬರಿನಿಂದ ಒಬ್ಬ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ತುರ್ತು ಸಹಾಯದ ಕೇಂದ್ರದವಳಂತೆ. ನಿಮ್ಮ ತಮ್ಮ ಎಲ್ಲೋ ಬಿದ್ದಿದ್ದಾನೆ, ನಿಮ್ಮ ನಂಬರು ಕೊಡುವವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದ, ಈಗ ಬರೀ ತನ್ನ ಭಾಷೆಯಲ್ಲಿ ಹೇಳುತ್ತಿದ್ದಾನೆ, ನಮಗೆ ತಿಳಿಯುವುದಿಲ್ಲ. ಶಹಾಡ್ ಸುತ್ತಮುತ್ತ ಎಂದಷ್ಟೇ ಇಲ್ಲಿ ಕಾಣುತ್ತದೆ. ನಿಮ್ಮನ್ನೂ ಲೈನಿಗೆ ಸೇರಿಸುತ್ತೇನೆ, ಎಲ್ಲಿದ್ದಾನೆಂದು ಕೇಳಿ ಹೇಳಿ ಎಂದಳು.

ಮತ್ತೆ ಅದೇ ನಾಟಕ ಎಂದುಕೊಂಡೆ. "ಮೇರಾ ಕೋಯೀ ಭಾಯಿ ನಹೀ ಹೈ" ಎಂದು ಹೇಳಿ ಫೋನು ಆಫ್ ಮಾಡಿದೆ. ನನಗೆ ತಮ್ಮನೇ ಇಲ್ಲ ಎಂದೆ. ಆಮೇಲೆ ಊಟ ಮಾಡಿ ಮಲಗಿದೆ. ಒಳ್ಳೆಯ ನಿದ್ದೆಯೂ ಬಂತು. ಬರೆಯಲು ಕೈ ಬರುವುದಿಲ್ಲ, ಆದರೆ ಬಂದದ್ದು ನಿಜ.

ಬೆಳಿಗ್ಗೆ ಫೋನು ಆನ್ ಮಾಡಿದ ಕೂಡಲೇ ಅದೇ ಹುಡುಗಿಯ ಕಾಲ್.

"ದೀದಿ, ಡ್ಯೂಟಿ ಮುಗಿಸಿ ಮನೆಗೆ ಹೊರಟೆ. ನಿಮಗೊಂದು ಥ್ಯಾಂಕ್ಸ್ ಹೇಳದೆ ಹೋಗಲು ಮನಸ್ಸಾಗಲಿಲ್ಲ. ನೀವು ವಾಪಸು ಫೋನು ಮಾಡದಿದ್ದರೆ ಅವರು ನಮಗೆ ಸಿಗುತ್ತಿರಲಿಲ್ಲ."

ನಾನು ಮಾಡಲಿಲ್ಲ ಎಂದೆ. ಅವಳು ನಕ್ಕಳು. ಮೊದಲು ಸಿಟ್ಟಿನಲ್ಲಿ ಫೋನು ಇಟ್ಟಿರಿ, ಆಮೇಲೆ ನೀವೇ ಮಾಡಿದಿರಲ್ಲ, ಆಂಬುಲೆನ್ಸ್ ಅವರ ಹತ್ತಿರ ಮುಟ್ಟುವವರೆಗೂ ಲೈನಿನಲ್ಲೇ ಇದ್ದಿರಿ, ಇದೇ ಸ್ವರ ಎಂದಳು. ಏನು ಕೇಳಿಸುತ್ತದೆ, ಎಂಥ ವಾಸನೆ ಬರುತ್ತದೆ ಎಂದು ಆ ಸ್ವರ ಅವನನ್ನು ಒಂದೊಂದಾಗಿ ಕೇಳಿತಂತೆ. ಹತ್ತಿರದಲ್ಲೇ ರೈಲು ನಿಧಾನವಾಗಿ ಹೋಗುವ ಸದ್ದು, ಬಣ್ಣದ ನೀರಿನ ವಾಸನೆ, ಬೆನ್ನಿಗೆ ತಾಗುವ ದೊಡ್ಡ ಪೈಪು. ಅದನ್ನೆಲ್ಲ ಹಿಂದಿಯಲ್ಲಿ ಇವಳಿಗೆ ತಿಳಿಸಿತಂತೆ. ಮುಚ್ಚಿದ ಕಾರ್ಖಾನೆಯೊಂದರ ಗೋಡೆಯ ಹಿಂದಿನ ಚರಂಡಿಯಲ್ಲಿ, ಮಳೆಗೆ ಜಾರಿ ಕಾಲು ಮುರಿದು ಬಿದ್ದಿದ್ದವನು ಸಿಕ್ಕಿದ.

ಕಲ್ಯಾಣದ ಆಸ್ಪತ್ರೆಗೆ ಹೋದಾಗ ವಿಠಲ ನನ್ನನ್ನು ನೋಡಿ ನಕ್ಕ.

"ನಿನ್ನೆ ನೀನು ಒಮ್ಮೆಯೂ ಬೈಲಿಲ್ಲ ಮಾರಾಯ್ತಿ. ಅದಕ್ಕೇ ನಾನು ಸಾಯುದು ಗ್ಯಾರಂಟಿ ಅಂತ ಹೆದರಿದ್ದು!"

ಪಕ್ಕದ ಮಂಚದವರೂ ನಕ್ಕರು. ನಾನು ಅವನ ಹೊದಿಕೆ ಸರಿಮಾಡಿದೆ.

ಫೋನಿನಲ್ಲಿ ನೋಡಿದೆ. ನಾನು ಮಾಡಿದ ಕಾಲ್ ಒಂದೂ ಇರಲಿಲ್ಲ. ಕೇಂದ್ರದಲ್ಲಿ ನಮ್ಮ ಮನೆಮಾತು ತುಳು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಆ ಹುಡುಗಿಯನ್ನು ಕೇಳಿದ್ದೆ. ಯಾರೂ ಇಲ್ಲ ಎಂದಿದ್ದಳು. ಪಕ್ಕದ ಮನೆಯವಳಿಗೆ ಅರ್ಧ ಹೇಳಿದೆ. ಸತ್ತ ನಿಮ್ಮ ತಾಯಿಯೇ ಬಂದಿರಬೇಕು ಎಂದಳು. ನಮ್ಮಮ್ಮನಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ.

ಕಾಲು ಸರಿಯಾಗುವವರೆಗೆ ಅವನನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಬಂದವರಿಗೆಲ್ಲ ಅಕ್ಕ ಬದುಕಿಸಿದ್ದು ಎಂದು ಹೇಳುತ್ತಿದ್ದ. ಪ್ರತಿ ಸಲವೂ ಕದ್ದ ಮಾಲಿನ ಹಾಗೆ ಆ ಹೊಗಳಿಕೆಯನ್ನು ಒಳಗೆ ಹಾಕಿಕೊಂಡೆ. ತಡೆಯಲಾರದೆ ಒಂದು ದಿನ ಎಲ್ಲ ಹೇಳಿಬಿಟ್ಟೆ, ತಮ್ಮನೇ ಇಲ್ಲ ಎಂದದ್ದನ್ನೂ.

"ಸುಮ್ನಿರು. ನಿನ್ನ ಸ್ವರ ನಂಗೆ ಗೊತ್ತಿಲ್ವಾ?" ಎಂದ.

ಅವನು ನಂಬಲೇ ಇಲ್ಲ. ಕಾಲು ಗುಣವಾದ ಮೇಲೆ ಶಹಾಡ್‌ಗೆ ಹೋದ. ಈಗ ಫೋನು ಬಂದರೆ ಇದ್ದ ಕೆಲಸ ಬಿಟ್ಟು ಎತ್ತುತ್ತೇನೆ. ಆದರೂ ಒಮ್ಮೊಮ್ಮೆ, ಅವನಿಗೆ ತೀರ ಬೇಸರವಾದ ದಿನ, ಒಂದು ಮಾತು ಕೇಳುತ್ತಾನೆ.

"ಅವತ್ತು ಮಾತಾಡಿದ ಹಾಗೆ ಒಮ್ಮೆ ಮಾತಾಡು ಅಕ್ಕ."

ಅವಳು ಹೇಗೆ ಮಾತಾಡಿದ್ದಳೋ ನನಗೇನು ಗೊತ್ತು? ಸ್ವರ ತಗ್ಗಿಸಿ, ಊಟ ಆಯ್ತಾ ವಿಠಲ, ಎಂದು ಕೇಳುತ್ತೇನೆ. ಅವನು ಕಿವಿಗೊಟ್ಟು ಕೇಳುತ್ತಾನೆ. ಆಮೇಲೆ ಮೆತ್ತಗೆ ಹೇಳುತ್ತಾನೆ, "ಹಾಗಲ್ಲ."