ರಾಶಿಯ ಮೇಲಿನ ಬೂದಿಗೆರೆ

ಅಮ್ಮತ್ತಿ ಹತ್ತಿರದ ತೋಟವೊಂದರಲ್ಲಿ ಕರಿಮೆಣಸಿನ ಕಣ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಬೆಳಗ್ಗೆ ಮೆಣಸು ಹರವಬೇಕು, ಆಗಾಗ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಹೊದಿಸುವ ಮೊದಲು ತೋಟದ ಅಮ್ಮಾವ್ರು ಬಂದು ರಾಶಿಯ ಮೇಲೆ ಸುತ್ತಲೂ ಒಲೆಬೂದಿಯಲ್ಲಿ ಗೆರೆ ಎಳೆಯುತ್ತಿದ್ದರು. ಯಾರಾದರೂ ಒಂದು ಹಿಡಿ ತೆಗೆದರೂ ಗೆರೆ ಮುರಿದು ಬೆಳಗ್ಗೆ ಗೊತ್ತಾಗಬೇಕಲ್ಲ, ಅದಕ್ಕೆ. ಕುಶಾಲನಗರದ ಕಡೆಯ ನನ್ನ ತವರಿನಲ್ಲೂ ರಾಗಿರಾಶಿಗೆ ಬೂದಿ ಹಾಕುತ್ತಿದ್ದರು. ಅಲ್ಲಿ ಅದು ಕೆಟ್ಟ ಕಣ್ಣು ಬೀಳದಿರಲಿ ಎಂದು. ಇಲ್ಲಿ ಆ ಕೆಟ್ಟ ಕಣ್ಣು ನಮ್ಮದೇ.

ಆ ವರ್ಷ ಕೆಲಸಗಾರರ ಲೈನ್ ಮನೆಗಳ ಚಾವಣಿ ಶೀಟುಗಳೆಲ್ಲ ತೂತಾಗಿದ್ದವು. ಮಳೆಗೆ ಮುಂಚೆ ಹೊಸ ಶೀಟು ಹಾಕಿಸದಿದ್ದರೆ ಕೆಲಸಕ್ಕೆ ಇಳಿಯುವುದಿಲ್ಲ ಎಂದು ಎಲ್ಲರೂ ಒಟ್ಟಾಗಿ ಅಮ್ಮಾವ್ರ ಬಂಗಲೆಗೆ ಹೋಗಿ ಹೇಳುವುದೆಂದು ತೀರ್ಮಾನವಾಯಿತು. ಮಾತಾಡುವವಳು ನಾನು, ನನ್ನ ಬಾಯಿ ಜೋರು. ಗೋಡೆಗೆ ಕಿವಿ ಇರುತ್ತದಂತೆ, ಲೈನಿನ ಗೋಡೆಗೆ ಬಾಯಿಯೂ ಉಂಟು. ನಾವು ಹೋಗುವ ಮೊದಲೇ ಸುದ್ದಿ ಬಂಗಲೆ ಮುಟ್ಟಿತು.

ಮಾರನೆಯ ಬೆಳಗ್ಗೆ ಟಾರ್ಪಾಲು ಎತ್ತಿದರೆ ಒಂದು ಮಗ್ಗುಲಲ್ಲಿ ಗೆರೆ ಇರಲಿಲ್ಲ. ಅಮ್ಮಾವ್ರು ಬೈಯಲಿಲ್ಲ. ಎಲ್ಲರೆದುರು ನನ್ನ ಹೆಗಲು ಮುಟ್ಟಿ, "ಹೋಗ್ಲಿ ಬಿಡು. ಯಾರೂಂತ ನಾನು ಕೇಳಲ್ಲ. ಕಷ್ಟ ಇರ್ತದೆ" ಎಂದರು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಕ್ಷಮಿಸಿದವರೊಡನೆ ಹೇಗೆ ಜಗಳವಾಡುವುದು?

"ಒಂದು ಕ್ಯಾಮೆರಾ ಹಾಕ್ಸಿ ಅಮ್ಮಾವ್ರೇ" ಎಂದೆ.

"ಮನೆಯವರ ಮಧ್ಯೆ ಕ್ಯಾಮೆರಾ ಯಾಕೆ?" ಎಂದು ನಕ್ಕರು.

ಆಮೇಲೂ ಗೆರೆ ಮುರಿಯುತ್ತಲೇ ಇತ್ತು, ಅವರು ಕ್ಷಮಿಸುತ್ತಲೇ ಇದ್ದರು. ನಲ್ಲಿಯ ಬಳಿ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಶೀಟಿನ ವಿಷಯ ಯಾರೂ ಎತ್ತಲಿಲ್ಲ. ಕಳ್ಳಿಯನ್ನು ಮುಂದೆ ಬಿಟ್ಟುಕೊಂಡು ಬಂಗಲೆಗೆ ಹೋಗುವವರು ಯಾರು? ಬರಬರುತ್ತಾ ನನಗೇ ನನ್ನ ಮೇಲೆ ಅನುಮಾನ ಹುಟ್ಟಿತು. ಟಾರ್ಪಾಲು ಎಳೆಯುವಾಗ ನಾನೇ ಒರೆಸಿಬಿಟ್ಟೆನೇ? ನಿದ್ದೆಗಣ್ಣಲ್ಲಿ ಎದ್ದು ಕಣಕ್ಕೆ ಹೋಗುತ್ತಿದ್ದೇನೆಯೇ?

ತಡೆಯಲಾರದೆ ಒಂದು ದಿನ ಬೆಳಕು ಹರಿಯುತ್ತಿದ್ದಂತೆ ಕಣಕ್ಕೆ ಹೋದೆ. ಅಮ್ಮಾವ್ರು ಟಾರ್ಪಾಲಿನ ಅಂಚು ಎತ್ತಿ, ಮಗುವಿನ ತಲೆ ನೇವರಿಸುವ ಹಾಗೆ ಅಂಗೈಯಿಂದ ಗೆರೆ ಅಳಿಸುತ್ತಿದ್ದರು. ಒಂದು ಕಾಳೂ ತೆಗೆಯಲಿಲ್ಲ. ನನ್ನನ್ನು ಕಂಡರೂ ಗಾಬರಿಯಾಗಲಿಲ್ಲ.

"ಬೇಗ ಬಂದಿದ್ದೀಯ" ಎಂದರು. "ಯಾರ ಹತ್ರ ಹೇಳ್ಬೇಕೋ ಹೇಳು. ನಾನು ಬೇಡ ಅನ್ನಲ್ಲ."

ನನ್ನ ಆ ಜೋರು ಬಾಯಿ ಎಲ್ಲಿ ಹೋಯಿತೋ. ಸಿಟ್ಟಿಗಿಂತ ಹೆದರಿಕೆಯೇ ದೊಡ್ಡದಾಗಿತ್ತು. ಅವರ ಮಾತಿನ ಅರ್ಥ ತಿಳಿಯಿತು, ಹೇಳಿದರೂ ನಂಬುವವರಿರಲಿಲ್ಲ.

ಆದರೂ ಮನೆಗೆ ಓಡಿಬಂದು ಗಂಡನಿಗೆ ಹೇಳಿದೆ. ಅವನೂ ಅದೇ ತೋಟದಲ್ಲಿ ನೆರಳುಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸದವನು. ತೋಟದಿಂದ ಹೊರಹಾಕಿದರೆ ಮನೆಯೂ ಹೋಯಿತು. ಅವನು ಚಾ ಲೋಟ ಕೆಳಗಿಟ್ಟ.

"ಅವ್ರಿಗೇನ್ ಕಮ್ಮಿ ಆಗೈತೆ? ಅವ್ರ ರಾಶೀನ ಅವ್ರೇ ಯಾಕ್ ಕೆದಕ್ತಾರೆ?"

"ನಾ ಕಣ್ಣಾರೆ ಕಂಡೆ ಕಣ್ರೀ."

ಅವನು ಕೈ ಚಾಚಿ ಬಾಗಿಲು ಮುಂದೆ ಮಾಡಿದ. ಆಮೇಲೆ ಮೆಲ್ಲಗೆ, "ಎಲ್ಲಿಟ್ಟಿದ್ದೀಯ ಹೇಳು. ಯಾರಿಗೂ ಗೊತ್ತಾಗ್ದಂಗೆ ನಾನೇ ತಿರುಗಿ ಹಾಕ್ ಬತ್ತೀನಿ" ಎಂದ. ಅಷ್ಟಕ್ಕೇ ಬಿಡದೆ ಎದ್ದು ಹೋಗಿ ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೂ ಕೈ ಹಾಕಿ ಹುಡುಕತೊಡಗಿದ. ನಾನು ತಡೆಯಲಿಲ್ಲ. ಕಣ್ಣಾರೆ ಕಂಡು ಬಂದಿದ್ದರೂ, ಅವನ ಕೈಗೆ ಮೆಣಸು ಸಿಗದಿರಲಪ್ಪಾ ಎಂದು ದೇವರನ್ನು ಬೇಡಿಕೊಳ್ಳುತ್ತ ನಿಂತಿದ್ದೆ.