ಕಾಲೇಜಿನ ಮನೆತನ ವಿಚಾರಿಸಿದ್ದು

ಎಂಬತ್ತರ ದಶಕದ ಆರಂಭ. ನಾನು ಗದಗಿನಲ್ಲಿ ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ನಮ್ಮ ಬೆಟಗೇರಿಯ ಮನೆಯಲ್ಲಿ ಒಂದು ಕಾಲೇಜಿನ ಮನೆತನ ವಿಚಾರಿಸುವ ಕೆಲಸ ನಡೆಯಿತು. ರೈಲಿನಲ್ಲಿ ಹಗಲೂ ರಾತ್ರಿ ಕೂತರೆ ಸಿಗುವ ಊರೊಂದರಲ್ಲಿ ನನಗೆ ಎಂ.ಎ. ಸೀಟು ಸಿಕ್ಕಿತ್ತು. ವಿಷಯ ಮ್ಯೂಸಿಯಂ ಶಿಕ್ಷಣ. ಮ್ಯೂಸಿಯಮ್ಮಿಗೆ ಬಂದವರಿಗೆ ಅಲ್ಲಿಯ ವಸ್ತುಗಳನ್ನೇ ಮುಂದಿಟ್ಟುಕೊಂಡು ಕಲಿಸುವ ವಿದ್ಯೆ. ಸೀರೆ ವ್ಯಾಪಾರಿಯಾದ ಅಪ್ಪನಿಗೆ ಎಷ್ಟು ಹೇಳಿದರೂ ಅದು ತಲೆಗೆ ಹತ್ತಲಿಲ್ಲ. "ಒಡದ ಮೂರ್ತಿ ತೋರಸಾಕ ಎಂ.ಎ. ಯಾಕ ಬೇಕು? ಬಿ.ಎಡ್. ಮಾಡು, ಮನಿ ಮುಂದನ ಶಾಲಿ ಐತಿ," ಎಂದರು. ನಾನು ಹಟ ಹಿಡಿದು ಊಟ ಬಿಟ್ಟೆ. ಮರುದಿನ ಅವ್ವ ಹೋಳಿಗೆ ಮಾಡಿದ್ದರಿಂದ ಉಪವಾಸ ಮುರಿಯಿತು, ಹಟ ಮುರಿಯಲಿಲ್ಲ.

ಕೊನೆಗೆ ಅಪ್ಪ, "ಆತು, ಹೆಸರು ಹೆಂಗೈತಿ ವಿಚಾರಸೋಣು. ಛಲೋ ಇದ್ರ ಹೋಗು," ಎಂದರು. ವಿಚಾರಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಹೆಣ್ಣು ಕೊಡುವಾಗಿನದು. ನಮ್ಮಲ್ಲಿ ವರನ ಕಡೆಯವರ ಮಾತು ನಂಬಿ ಹೆಣ್ಣು ಕೊಡುತ್ತಿರಲಿಲ್ಲ. ಆ ಮನೆಗೆ ಮೊದಲೇ ಹೋದ ಸೊಸೆಯನ್ನು ಹುಡುಕಿ, ಅವಳು ಹೇಗಿದ್ದಾಳೆಂದು ಕಣ್ಣಾರೆ ನೋಡಿ ಬರುತ್ತಿದ್ದರು. ಈ ಕೆಲಸದಲ್ಲಿ ಪಳಗಿದ ಕೈ ಅಪ್ಪನ ಅಕ್ಕ, ಶಿರಹಟ್ಟಿಯ ನನ್ನ ಸೋದರತ್ತೆ. ಅವರು ಬೇಡ ಎಂದ ಸಂಬಂಧ ಒಂದೂ ಕೂಡಿರಲಿಲ್ಲ. ಖಬರು ಮುಟ್ಟಿದ್ದೇ ತಡ, ಬಂದಿಳಿದರು. "ಆ ಕಾಲೇಜಿಗೆ ಹ್ವಾದ ಸೊಸಿ ನಮ್ಮ ಕಡೆ ಯಾರದಾರ?" ಎಂದು ಶುರುಮಾಡಿದರು.

ಹುಲಕೋಟಿಯ ಮಾಸ್ತರರೊಬ್ಬರು ಅಂಥ ಓದಿನ ಹೆಸರೇ ಕೇಳಿಲ್ಲ ಎಂದರು. ಲಕ್ಷ್ಮೇಶ್ವರದ ವಕೀಲರು ಭಾಳ ದೊಡ್ಡ ಕಾಲೇಜು ಎಂದು ಹೊಗಳಿ, ಅದು ಯಾವ ಊರಲ್ಲಿದೆ ಎಂದು ನಮ್ಮನ್ನೇ ಕೇಳಿದರು. ಅಂತೂ ಮುಂಡರಗಿಯಲ್ಲಿ ಅದೇ ಕಾಲೇಜಿನಲ್ಲಿ ಅದೇ ಕೋರ್ಸು ಓದಿದವರೊಬ್ಬರು ಇದ್ದಾರೆಂದು ಗೊತ್ತಾಯಿತು. ಈಗ ಹಿಟ್ಟಿನ ಗಿರಣಿ ನಡೆಸುತ್ತಾರಂತೆ. ಇದನ್ನು ಕೇಳಿ ಅಪ್ಪನ ಮುಖ ಅರಳಿತು, ನನ್ನದು ಬಾಡಿತು.

ಮೂವರೂ ಬಸ್ಸು ಹತ್ತಿ ಹೋದೆವು. ಗಿರಣಿಯವರಿಗೆ ನಲವತ್ತರ ಆಸುಪಾಸು, ಹುಬ್ಬೆಲ್ಲ ಹಿಟ್ಟು. ಅಪ್ಪ ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. "ಹೆಸರು ಅಷ್ಟಕ್ಕಷ್ಟರಿ. ಅಂಥಾ ಓದು ಐತಿ ಅಂತನ ಭಾಳ ಮಂದಿಗೆ ಗೊತ್ತಿಲ್ಲ. ನೌಕರಿನೂ ಕಡಿಮಿ. ನಾ ಒಂದಿಷ್ಟು ವರ್ಷ ಮ್ಯೂಸಿಯಮ್ಮಿನಾಗ ಹುಡುಗರಿಗೆ ಕಲಿಸಿದೆ. ಅಪ್ಪ ತೀರಿಕೊಂಡ್ರು, ಗಿರಣಿ ನೋಡಾಕ ಬಂದೆ."

ನನಗೆ ಅಳುವೇ ಬಂತು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು! ಅಪ್ಪ ಆಗಲೇ ಎದ್ದು ಟೊಪ್ಪಿಗೆ ಸರಿಮಾಡಿಕೊಂಡಿದ್ದರು.

ಅತ್ತೆ ಏಳಲಿಲ್ಲ. ಅವರ ಕಣ್ಣು ಮೂಲೆಯ ಉದ್ದನೆಯ ಹಲಗೆಯ ಮೇಲಿತ್ತು. ಅದು ಶಾವಿಗೆ ಹೊಸೆಯುವ ಗೀರುಗೀರಿನ ಮಣೆ, ಅದರ ಮೇಲೆ ಜೋಳದ ಚೀಲಗಳು. "ಶಾವಿಗಿ ಮಣಿ ಮ್ಯಾಲೆ ಚೀಲ ಒಟ್ಟತಾರೇನು?" ಎಂದು ಗದರಿದರು.

ಗಿರಣಿಯವರು ನಗುತ್ತಲೇ ಚೀಲ ಇಳಿಸಿ, ಮಣೆಯನ್ನು ತಂದು ಅತ್ತೆಯ ಮುಂದಿಟ್ಟರು. "ನಮ್ಮಜ್ಜಿದ್ರಿ ಇದು. ನಾ ಅಕಿನ್ನ ನೋಡಿಲ್ಲ. ಇದನ್ನ ನೋಡಿ ಅಕಿ ಹೆಂಗಿದ್ಲು ಅಂತ ಹೇಳಾಕ ಬರ್ತೈತೇನ್ರಿ?"

ಅತ್ತೆ ಗೀರುಗಳ ಮೇಲೆ ಕೈಯಾಡಿಸಿದರು. "ಎಡಗಡೆ ಹೆಚ್ಚು ಸವದೈತಿ. ಎಡಚಿ ಇದ್ದಾಳ."

"ಮತ್ತ?"

"ಗಿಡ್ಡಾಕಿ. ಕುಂತ ಜಾಗಾ ನೋಡು, ಎಷ್ಟು ಮುಂದ ನುಣ್ಣಗಾಗೇತಿ."

"ನೀವು ಯಾವಾಗ ಕಲಿತ್ರಿ?"

"ಶಾಲಿ ಬಿಡಿಸಿದ ವರ್ಷ."

"ಯಾರ ಸಂಗಡ ಹೊಸೀತಿದ್ರಿ?"

ಗಿರಣಿಯವರು ತಾವಾಗಿ ಏನನ್ನೂ ಹೇಳಲಿಲ್ಲ. ಕೇಳುತ್ತಾ ಹೋದರು, ಉತ್ತರಕ್ಕೆ ಕಾಯುತ್ತಾ ಕೂತರು. ಊರೆಲ್ಲ ವಿಚಾರಿಸಿ ಬಂದಿದ್ದ ಅತ್ತೆ ಅಂದು ಬರೇ ಉತ್ತರ ಹೇಳಿದರು. ಎಳೆ ಹರಿಯದ ಹಾಗೆ ಹಿಟ್ಟು ನಾದುವುದು ಹೇಗೆ, ಗೆಳತಿಯರು ಎಳೆ ಹಿಡಿದು ಏನೇನು ಚಾಡಿ ಹೇಳುತ್ತಿದ್ದರು, ಎಲ್ಲ ಬಂತು. ಅತ್ತೆ ಅಷ್ಟು ಚಂದ ನಗುವುದನ್ನು ನಾನು ಕಂಡೇ ಇರಲಿಲ್ಲ. ನಮ್ಮ ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ಅಪ್ಪ ತೀರ್ಪು ಕೊಟ್ಟರು. "ಖರೆ ತಿಳೀತಲ್ಲ. ಹೆಸರಿಲ್ಲದ ಕಾಲೇಜು."

"ಹೆಸರು ತೊಗೊಂಡು ಏನ್ ಮಾಡ್ತಿ?" ಅತ್ತೆ ಅಂದರು. "ನನಗ ಅರವತ್ತಾತು. ಊಟಾತೇನು ಅಂತ ಕೇಳ್ಯಾರ, ಅಡಗಿ ಆತೇನು ಅಂತ ಕೇಳ್ಯಾರ. ನಿನಗೇನು ಗೊತ್ತೈತಿ ಅಂತ ಒಬ್ಬರೂ ಕೇಳಿದ್ದಿಲ್ಲ. ಹಂಗ ಕೇಳೋದನ್ನ ಕಲಸ್ತಾರಂದ್ರ ಹುಡುಗಿ ಹೋಗಲಿ."

ನನಗೆ ಅತ್ತೆಯನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪನಿಗೆ ಹೆದರಿ ಸುಮ್ಮನಾದೆ. ಬಸ್ಸು ಡಂಬಳ ದಾಟಿತು. ಅಪ್ಪ ಅತ್ತೆಯ ಕಡೆ ತಿರುಗಿ, "ಅಕ್ಕಾ, ನಿನ್ನ ಶಾಲಿ ಯಾಕ ಬಿಡಿಸಿದ್ರು?" ಎಂದು ಕೇಳಿದರು.

"ನೀ ಹುಟ್ಟಿದಿ. ಅವ್ವ ಮಗ್ಗಕ್ಕ ಕುಂತ್ರ ನಿನ್ನ ಎತ್ತಿಕೊಳ್ಳಾಕ ಯಾರರ ಬೇಕಾಗಿತ್ತಲ್ಲ?" ಅತ್ತೆ ನಕ್ಕುಬಿಟ್ಟರು. "ಭಾಳ ವಜ್ಜ ಇದ್ದಿ ಲೇ ನೀ."

ಅಪ್ಪ ನಗಲಿಲ್ಲ. ಗದಗಿನಲ್ಲಿ ಅತ್ತೆಯ ಕೈಹಿಡಿದು ಇಳಿಸಿ, ನಮ್ಮಿಬ್ಬರನ್ನು ಟಾಂಗಾ ಹತ್ತಿಸಿದರು. ತಾವು ಹತ್ತಲಿಲ್ಲ. "ನೀವು ನಡೀರಿ. ಹುಡುಗಿ ಬರ್ತಾಳ ಅಂತ ತಂತಿ ಕೊಟ್ಟು ಬರ್ತೇನಿ," ಎಂದು ಅಂಚೆ ಕಚೇರಿಯ ಕಡೆ ನಡೆದರು.